ಜಗಲಿಯ ಮೇಲೊಂದು ಇಂಗ್ಲಿಷ್ ಪಾಠ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಯಾವ ಮನೆಗೆ ಹೋದರೂ ಒಂದು ಮಾತು ಕೇಳಿಬರುತ್ತದೆ. "ಮಗ ಬೆಂಗಳೂರಲ್ಲಿ, ಮಗಳು ಅಮೆರಿಕದಲ್ಲಿ. ಮೊಮ್ಮಗನಿಗೆ ಕನ್ನಡ ಅರ್ಥ ಆಗ್ತದೆ, ಆದ್ರೆ ಬಾಯಲ್ಲಿ ಬರೋದು ಇಂಗ್ಲಿಷೇ." ಅಡಕೆ ತೋಟ, ಕೊಟ್ಟಿಗೆ, ಹಿರಿಯರು ಇಲ್ಲೇ ಇದ್ದಾರೆ. ಮಕ್ಕಳು ಮೊಮ್ಮಕ್ಕಳು ಮಾತ್ರ ಫೋನಿನೊಳಗೆ ಸೇರಿಕೊಂಡಿದ್ದಾರೆ. ಮೊಮ್ಮಗು "ಹೌ ಆರ್ ಯು ಅಜ್ಜಿ?" ಎಂದರೆ ಅಜ್ಜಿ ನಗುತ್ತಾಳೆ, ಫೋನನ್ನು ಅಜ್ಜನ ಕೈಗೆ ಕೊಡುತ್ತಾಳೆ. ಆ ನಗುವಿನ ಹಿಂದೆ ಎಷ್ಟು ಮಾತು ಉಳಿದುಹೋಯಿತು ಎಂಬುದು ಅಜ್ಜಿಗೊಬ್ಬಳಿಗೇ ಗೊತ್ತು.

ನಮಗೆ ಇಂಗ್ಲಿಷ್ ಬರುವುದೇ ಇಲ್ಲವೇ? ಬೆಳಿಗ್ಗೆಯಿಂದ ರಾತ್ರಿಯ ತನಕ ಲೆಕ್ಕ ಹಾಕಿ ನೋಡಿ. ಗ್ಯಾಸು, ಸಿಲಿಂಡರು, ಕುಕ್ಕರು, ಮಿಕ್ಸಿ, ಬಸ್ಸು, ಟಿಕೇಟು, ಪಾಸ್‌ಬುಕ್ಕು, ರೀಚಾರ್ಜು, ಶುಗರ್, ಬಿಪಿ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹಿರಿಯರೂ ಇನ್ನೂರು ಇಂಗ್ಲಿಷ್ ಶಬ್ದಗಳನ್ನು ಸಲೀಸಾಗಿ ಆಡುತ್ತಾರೆ. ನಮ್ಮಲ್ಲಿ ಶಬ್ದಗಳ ಬಡತನ ಇಲ್ಲ. ಶಬ್ದಗಳನ್ನು ಪೋಣಿಸುವ ದಾರ ಇಲ್ಲ, ಅಷ್ಟೆ. ಅದರಲ್ಲೂ ಕೇಳುವ ಮಾತು ನಮಗೆ ಬರುವುದಿಲ್ಲ. ಯಾರಾದರೂ ಕೇಳಿದ್ದಕ್ಕೆ "ಯೆಸ್", "ನೋ" ಅಂದರೆ ಹೇಗೋ ನಡೆಯುತ್ತದೆ. ಆದರೆ ನಮಗೆ ಬೇಕಾದ್ದನ್ನು ನಾವೇ ಕೇಳಬೇಕಾದಾಗ ತಲೆ ಅಲ್ಲಾಡಿಸಿದರೆ ಸಾಲದು.

ಇದರಲ್ಲಿ ನಮ್ಮ ತಪ್ಪೇನೂ ಇಲ್ಲ. ನನ್ನ ವಯಸ್ಸಿನವರು ಕನ್ನಡ ಶಾಲೆಯಲ್ಲಿ ಎಬಿಸಿಡಿ ನೋಡಿದ್ದೇ ಐದನೇ ಇಯತ್ತೆಯಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ನಾವು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದ್ದೆವು, ಬರೆದಿದ್ದೆವು, ಪಾಸಾಗಿದ್ದೆವು. ಆದರೆ ಇಂಗ್ಲಿಷಿನಲ್ಲಿ ಒಬ್ಬರ ಹತ್ತಿರ ಒಂದು ಲೋಟ ನೀರು ಕೇಳುವ ಪ್ರಸಂಗವೇ ಬರಲಿಲ್ಲ. ಈಜನ್ನು ಪುಸ್ತಕದಲ್ಲಿ ಓದಿ ಕಲಿತ ಹಾಗೆ!

ಅದಕ್ಕೇ ನಮ್ಮ ಓಣಿಯ ಮೂರು ಮನೆಯವರು ಸೇರಿ ಜಗಲಿಯ ಮೇಲೆ ಒಂದು ಸಣ್ಣ ಅಭ್ಯಾಸ ಶುರುಮಾಡಿದೆವು. ಅರವತ್ತು ದಾಟಿದ ಮೇಲಿನಮನೆ ಅತ್ತೆ, ಡಿಗ್ರಿ ಓದಿ ಮದುವೆಯಾಗಿ ಬಂದ ಎದುರುಮನೆ ತಂಗಿ ಮತ್ತು ನಾನು. ಹೊತ್ತು ಮಧ್ಯಾಹ್ನ ಮೂರರಿಂದ ಮೂರೂವರೆ. ಊಟದ ಪಾತ್ರೆ ತೊಳೆದಾದ ಮೇಲೆ, ಹಾಲು ಕರೆಯುವ ಹೊತ್ತಿಗಿಂತ ಮುಂಚೆ. ಖರ್ಚು ಒಂದು ಇನ್ನೂರು ಪುಟದ ನೋಟ್‌ಬುಕ್. ನಮ್ಮ ಅನುಭವ ನಿಮಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮರ್ಯಾದೆ ಎಲ್ಲಿ ಅಡಗಿದೆ?

ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಕನ್ನಡದಲ್ಲಿ ಮರ್ಯಾದೆ ಎಲ್ಲಿದೆ? ಕ್ರಿಯಾಪದದ ಬಾಲದಲ್ಲಿದೆ. "ಕೊಡು" ಎಂದರೆ ಚಿಕ್ಕವರಿಗೆ, "ಕೊಡಿ" ಎಂದರೆ ದೊಡ್ಡವರಿಗೆ. "ಕೊಡ್ತೀರಾ?" ಎಂದರೆ ಇನ್ನೂ ಮೃದು. ಮೇಲಿಂದ "ಅತ್ತೆ", "ಅಕ್ಕಾ", "ತಂಗೀ" ಎಂಬ ಕರೆ ಬೇರೆ. ನಾವು ನೆರೆಮನೆಗೆ ಹೋಗಿ "ದಯವಿಟ್ಟು ಮೊಸರು ಕೊಡಿ" ಅನ್ನುವುದಿಲ್ಲ. ಹಾಗೆ ಅಂದರೆ ಅವರು ನಮ್ಮ ಹಣೆ ಮುಟ್ಟಿ ಜ್ವರ ಬಂದಿದೆಯೋ ಎಂದು ನೋಡಿಯಾರು! "ದಯವಿಟ್ಟು" ನಮ್ಮಲ್ಲಿ ಬೋರ್ಡಿನ ಮೇಲಿನ ಮಾತು, "ದಯವಿಟ್ಟು ಸರತಿಯಲ್ಲಿ ನಿಲ್ಲಿ" ಎಂಬಲ್ಲಿಗೆ ಸರಿ.

ಇಂಗ್ಲಿಷಿನಲ್ಲಿ ಹಾಗಲ್ಲ. ಮೂರು ವರ್ಷದ ಕೂಸಿಗೂ "ಯು", ಮುತ್ತಜ್ಜನಿಗೂ "ಯು". ಒಂದು ಕಾಲಕ್ಕೆ ಅವರಲ್ಲೂ ಒಬ್ಬರನ್ನೇ ಸಲಿಗೆಯಿಂದ ಕರೆಯಲು "ದೌ" ಎಂಬ ಬೇರೆ ಮಾತು ಇತ್ತು, ನಮ್ಮ "ನೀನು" ಇದ್ದ ಹಾಗೆ. ಅದು 17–18ನೇ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಆಡುಮಾತಿನಿಂದ ಮರೆಯಾಯಿತು. ಹೀಗಾಗಿ ಮರ್ಯಾದೆ ತೋರಿಸಲು ಅವರಿಗೆ ಬೇರೆ ಸಾಮಗ್ರಿ ಬೇಕು. ಅವೇ "ಕುಡ್ ಯು", "ವುಡ್ ಯು", "ಮೇ ಐ", ಮತ್ತು ಕೊನೆಗೊಂದು "ಪ್ಲೀಸ್".

ನಮ್ಮ "ಸ್ವಲ್ಪ ಮೊಸರು ಕೊಡಿ" ಎಂಬುದನ್ನು ಹಾಗೆಯೇ ಶಬ್ದಕ್ಕೆ ಶಬ್ದ ಬದಲಿಸಿ "ಗಿವ್ ಮಿ ಕರ್ಡ್" ಎಂದರೆ, ಆ "ಡಿ"ಯಲ್ಲಿದ್ದ ಮರ್ಯಾದೆಯೆಲ್ಲ ದಾರಿಯಲ್ಲೇ ಬಿದ್ದುಹೋಗುತ್ತದೆ. ಕೇಳಿದವರಿಗೆ ಅದು ಅಪ್ಪಣೆಯಂತೆ ಕಾಣುತ್ತದೆ. ನಮ್ಮವರು ಒರಟರೆಂದು ಪರಸ್ಥಳದವರು ತಿಳಿಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮನಸ್ಸು ಮೃದುವೇ, ಮಾತು ಮಾತ್ರ ಗಡಸು.

"ಕುಡ್ ಎಂದರೆ ಕ್ಯಾನ್‌ನ ಭೂತಕಾಲ ಅಂತ ಶಾಲೆಯಲ್ಲಿ ಹೇಳಿದ್ದರಲ್ಲ, ಈಗ ಕೇಳುವ ಮೊಸರಿಗೆ ಭೂತಕಾಲ ಯಾಕೆ?" ಎಂದು ನಾನು ಕೇಳಿದೆ. ಎದುರುಮನೆ ತಂಗಿ ನಕ್ಕು, "ಅಕ್ಕಾ, ನೀವು ನಿನ್ನೆ ನಮ್ಮನೆಗೆ ಬಂದು ಏನಂದ್ರಿ?" ಎಂದಳು. ನಾನು ಅಂದದ್ದು "ಹೆಪ್ಪಿಗೆ ಚೂರು ಮೊಸರು ಬೇಕಾಗಿತ್ತು" ಅಂತ. ನೋಡಿ! ಬೇಕಾದದ್ದು ಈಗ, ಹೇಳಿದ್ದು "ಬೇಕಾಗಿತ್ತು". "ಒಂದು ಮಾತು ಕೇಳಬೇಕಿತ್ತು" ಎಂದು ನಾವು ಸಂಕೋಚದಿಂದ ಹೇಳುವುದೂ ಹಾಗೇ. ಇವತ್ತಿನ ಮಾತನ್ನು ನಿನ್ನೆಗೆ ತಳ್ಳಿದರೆ ಅದರ ಚೂಪು ಕಡಿಮೆಯಾಗುತ್ತದೆ. ಇದನ್ನು ಕನ್ನಡ ಬಲ್ಲದು, ಇಂಗ್ಲಿಷೂ ಬಲ್ಲದು. ಇದು ಅರ್ಥವಾದ ದಿನ ನಮ್ಮ ಅರ್ಧ ಹೆದರಿಕೆ ಓಡಿಹೋಯಿತು.

ಏಳು ದಿನ, ಏಳು ಪ್ರಶ್ನೆ

ಒಂದು ದಿನಕ್ಕೆ ಒಂದೇ ಪ್ರಶ್ನೆ. ಅದನ್ನೇ ಆ ದಿನ ಹತ್ತು ಸಲ ಆಡಬೇಕು. ನಾಟಕದ ಮಾತಿನಂತೆ ಬಾಯಿಪಾಠ ಮಾಡುವುದಲ್ಲ, ನಿಜವಾಗಿ ಬೇಕಾದ್ದನ್ನೇ ಕೇಳಬೇಕು.

ಸೋಮವಾರ: "ಕುಡ್ ಐ ಹ್ಯಾವ್ ಸಮ್ ಕರ್ಡ್, ಪ್ಲೀಸ್?" ಸ್ವಲ್ಪ ಮೊಸರು ಸಿಗಬಹುದಾ ಎಂದರ್ಥ. ಮೊಸರು, ಕರಿಬೇವು, ಹಸಿಮೆಣಸು ಇಂಥ ತಿರುಗಿ ಕೊಡದ ವಸ್ತುಗಳಿಗೆ ಹೀಗೆ ಕೇಳಬೇಕು. ತಿರುಗಿ ಕೊಡುವ ವಸ್ತುವಾದರೆ "ಕುಡ್ ಐ ಬಾರೋ". ಸಂಕ್ರಾಂತಿ ಕಳೆದು ಆಲೆಮನೆಯ ಕಾಲದಲ್ಲಿ ನಮ್ಮಲ್ಲಿ ಒಂದೇ ಗಡಿಗೆ ನಾಲ್ಕು ಮನೆ ಸುತ್ತುತ್ತದಲ್ಲ, ಆಗ "ಕುಡ್ ಐ ಬಾರೋ ಯುವರ್ ತೊಡೆದೇವು ಗಡಿಗೆ?" ಎನ್ನಿ. ತೊಡೆದೇವಿಗೆ ಇಂಗ್ಲಿಷ್ ಹುಡುಕುತ್ತ ಕೂರಬೇಡಿ. ಎರವಲು ತರುವುದು "ಬಾರೋ", ಎರವಲು ಕೊಡುವುದು "ಲೆಂಡ್" ಎಂಬುದನ್ನು ಮಾತ್ರ ನೆನಪಿಡಿ.

ಮಂಗಳವಾರ: "ಮೇ ಐ ಕಮ್ ಇನ್?" ಒಳಗೆ ಬರಲಾ? ಇದು ಶಾಲೆಯಿಂದಲೇ ಬಂದದ್ದು. ಇದರ ಜೊತೆಗೆ "ಮೇ ಐ ಸಿಟ್ ಹಿಯರ್?", "ಮೇ ಐ ಯೂಸ್ ಯುವರ್ ಫೋನ್?" ಸೇರಿಸಿಕೊಳ್ಳಿ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ವಿಮಾನದಲ್ಲಿ ಎಲ್ಲ ಕಡೆಯೂ ನಡೆಯುತ್ತದೆ.

ಬುಧವಾರ: "ವುಡ್ ಯು ಲೈಕ್ ಸಮ್‌ಥಿಂಗ್ ಟು ಡ್ರಿಂಕ್?" ಇದು ಬೇರೇನಲ್ಲ, ಮನೆಗೆ ಬಂದವರನ್ನು ನಾವು ಮೊದಲು ಕೇಳುವ "ಆಸರಿಗೆ ಎಂತ ಬೇಕು?" ಎಂಬ ಮಾತೇ. ಒಪ್ಪುವವರು "ಯೆಸ್, ಪ್ಲೀಸ್" ಎನ್ನಬೇಕು, ಬೇಡವಾದರೆ "ನೋ, ಥ್ಯಾಂಕ್ ಯು". ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಮೊದಲ ಸಲದ "ಬೇಡ" ಬೇಡವೇ ಅಲ್ಲ. ಮನೆಯವರು ಮೂರು ಸಲ ಒತ್ತಾಯಿಸಬೇಕು, ನಾವು ಎರಡು ಸಲ ಬೇಡವೆನ್ನಬೇಕು, ಆಮೇಲೆ ಎರಡು ಲೋಟ ಕುಡಿಯಬೇಕು! ಹೊರದೇಶದಲ್ಲಿ ಒಂದು ಸಲ "ನೋ" ಎಂದರೆ ಮುಗಿಯಿತು, ಚಹಾ ಒಳಗೇ ಉಳಿಯುತ್ತದೆ. ಬೇಕಾದರೆ ಮೊದಲನೇ ಸಲವೇ ಬೇಕು ಎನ್ನಿ, ಸಂಕೋಚ ಬೇಡ.

ಗುರುವಾರ: "ಕುಡ್ ಯು ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಈಸ್?" ಬಸ್ ಸ್ಟ್ಯಾಂಡ್ ಎಲ್ಲಿದೆ ಅಂತ ಹೇಳ್ತೀರಾ? ನೇರವಾಗಿ ಕೇಳುವಾಗ "ವೇರ್ ಈಸ್ ದ ಬಸ್ ಸ್ಟ್ಯಾಂಡ್?" ಎಂದು "ಈಸ್" ಮುಂದೆ ಬರುತ್ತದೆ. ಮರ್ಯಾದೆಯ "ಕುಡ್ ಯು ಟೆಲ್ ಮಿ" ಸೇರಿಸಿದ ಕೂಡಲೇ ಅದು ಕೊನೆಗೆ ಹೋಗುತ್ತದೆ. ನೆನಪಿಡಲು ಸುಲಭ ಉಪಾಯ ಇಷ್ಟೇ. ಇಲ್ಲಿ ಇಂಗ್ಲಿಷು ನಮ್ಮ ಕನ್ನಡದ ಹಾಗೆ "ಇದೆ"ಯನ್ನು ಕೊನೆಗೆ ಇಡುತ್ತದೆ.

ಶುಕ್ರವಾರ: "ವುಡ್ ಯು ಮೈಂಡ್ ಕ್ಲೋಸಿಂಗ್ ದ ಗೇಟ್?" ಇದು ಎಲ್ಲರನ್ನೂ ಎಡವಿಸುವ ಪ್ರಶ್ನೆ. ಗೇಟು ಹಾಕಲಿಕ್ಕೆ ಅಡ್ಡಿ ಇದೆಯಾ ಎಂದು ಇದರ ಅರ್ಥ. ಒಪ್ಪಿಗೆಯಿಂದ "ಯೆಸ್" ಎಂದುಬಿಟ್ಟರೆ "ಹೌದು, ನನಗೆ ಅಡ್ಡಿ ಇದೆ" ಎಂದಾಗುತ್ತದೆ! ಉತ್ತರ "ನಾಟ್ ಅಟ್ ಆಲ್" ಎಂದಿರಬೇಕು. ಬೇರೆ ಊರಿನವರಿಗೆ ಇದು ಕಷ್ಟ ಇರಬಹುದು, ನಮಗೆ ಅಲ್ಲ. ನಾವು ದಿನಕ್ಕೆ ನೂರು ಸಲ ಹೇಳುವ "ಅಡ್ಡಿಲ್ಲೆ" ಇದೆಯಲ್ಲ, ಅದೇ "ನಾಟ್ ಅಟ್ ಆಲ್". ಮೇಲಿನಮನೆ ಅತ್ತೆಗೆ ಇದು ಎಷ್ಟು ಹಿಡಿಸಿತೆಂದರೆ ಈಗ ಮನೆಯಲ್ಲಿ ಮಾವ ಏನು ಕೇಳಿದರೂ "ನಾಟ್ ಅಟ್ ಆಲ್" ಎನ್ನುತ್ತಾರೆ.

ಶನಿವಾರ: "ಕುಡ್ ಯು ಸೇ ದಟ್ ಅಗೇನ್ ಸ್ಲೋಲಿ, ಪ್ಲೀಸ್?" ಇನ್ನೊಮ್ಮೆ ನಿಧಾನವಾಗಿ ಹೇಳ್ತೀರಾ? ಏಳರಲ್ಲಿ ಒಂದನ್ನೇ ಕಲಿಯುವುದಿದ್ದರೆ ಇದನ್ನು ಕಲಿಯಿರಿ. ಅರ್ಥವಾಗದಿದ್ದರೂ ತಲೆಯಾಡಿಸುವುದು ನಮ್ಮೆಲ್ಲರ ಅಭ್ಯಾಸ. "ವಾಟ್?" ಎಂದು ಕೇಳಿದರೆ ಒರಟಾಗುತ್ತದೆ. ಇದರ ಜೊತೆಗೆ "ಕುಡ್ ಯು ರೈಟ್ ಇಟ್ ಡೌನ್ ಫಾರ್ ಮಿ, ಪ್ಲೀಸ್?" ಬರೆದುಕೊಡ್ತೀರಾ? ಇದೂ ಇರಲಿ.

ರವಿವಾರ: ಇಲ್ಲವೆನ್ನುವ ಅಭ್ಯಾಸ. "ಐ ಆಮ್ ಸಾರಿ, ವಿ ಡೋಂಟ್ ಹ್ಯಾವ್ ಎನಿ ಟುಡೇ." ಕೇಳುವುದಕ್ಕೆ ಎಷ್ಟು ಮರ್ಯಾದೆ ಬೇಕೋ, ಇಲ್ಲ ಎನ್ನುವುದಕ್ಕೂ ಅಷ್ಟೇ ಬೇಕು. ಬರೀ "ನೋ" ಎಂದರೆ ಬಾಗಿಲು ಮುಚ್ಚಿದ ಹಾಗೆ.

ಕೇಳಬಾರದ ಪ್ರಶ್ನೆಗಳು

ನಮ್ಮಲ್ಲಿ ಪ್ರೀತಿಯಿಂದ ಕೇಳುವ ಕೆಲವು ಪ್ರಶ್ನೆಗಳು ಇಂಗ್ಲಿಷಿಗೆ ಹೋದರೆ ಮುಳ್ಳಾಗುತ್ತವೆ. "ಸಂಬಳ ಎಷ್ಟು?", "ಮದುವೆಯಾಗಿ ಮೂರು ವರ್ಷ ಆಯ್ತಲ್ಲ, ಮಕ್ಕಳು ಇನ್ನೂ ಯಾಕಿಲ್ಲ?" ಇಂಥವನ್ನು ಅಲ್ಲಿ ಕೇಳಲೇಬಾರದು. ನಿಜ ಹೇಳಬೇಕೆಂದರೆ ಕನ್ನಡದಲ್ಲೂ ಕೇಳದಿದ್ದರೆ ಎಷ್ಟೋ ಹೆಣ್ಣುಮಕ್ಕಳಿಗೆ ಉಪಕಾರವಾದೀತು. "ಊಟ ಆಯ್ತಾ?" ಎಂಬುದು ನಮಗೆ ನಮಸ್ಕಾರ ಇದ್ದ ಹಾಗೆ. ಅದನ್ನೇ ಇಂಗ್ಲಿಷಿನಲ್ಲಿ ಕೇಳಿದರೆ ಊಟಕ್ಕೆ ಕರೆಯುತ್ತಿದ್ದೀರೆಂದು ತಿಳಿದಾರು. "ಎಲ್ಲಿಗೆ ಹೊರಟ್ರಿ?" ಎಂಬುದು ಅಲ್ಲಿ ಪೊಲೀಸರ ವಿಚಾರಣೆಯಂತೆ ಕೇಳಿಸುತ್ತದೆ. ಹೊರಟು ನಿಂತವರನ್ನು "ಎಲ್ಲಿಗೆ" ಎನ್ನಬಾರದು, "ದೂರ ಹೊರಟ್ರಾ?" ಎನ್ನಬೇಕು ಎಂದು ನಮ್ಮ ಹಿರಿಯರೂ ಹೇಳಿಕೊಟ್ಟಿದ್ದಾರಲ್ಲ! ಬಳಸಿ ಕೇಳುವ ಜಾಣತನ ನಮ್ಮ ಮನೆಯಲ್ಲೇ ಇದೆ.

ಹಾಗೆಯೇ "ವಾಟ್ ಈಸ್ ಯುವರ್ ಗುಡ್ ನೇಮ್?" ಎಂಬುದು ಶುಭನಾಮದ ಅನುವಾದ. ಕೇಳಿದವರು ಕೆಟ್ಟ ಹೆಸರೂ ಒಂದಿದೆಯೋ ಎಂದು ಯೋಚಿಸಿಯಾರು. "ಮೇ ಐ ನೋ ಯುವರ್ ನೇಮ್?" ಎಂದರೆ ಸಾಕು.

ಜಗಲಿಯ ಅಭ್ಯಾಸ ಎಲ್ಲಿಗೆ ಮುಟ್ಟಿತು

ಇದೆಲ್ಲ ಹೊತ್ತು ಕಳೆಯುವ ಆಟ ಎಂದು ನೀವು ತಿಳಿಯಬಾರದು. ಮೇಲಿನಮನೆ ಅತ್ತೆ ನಮ್ಮ ಜೊತೆ ಕೂತದ್ದಕ್ಕೆ ಕಾರಣ ಇತ್ತು. ಅವರ ಮಗಳಿಗೆ ಅಮೆರಿಕದಲ್ಲಿ ದಿನ ತುಂಬುತ್ತಿತ್ತು. ಬಾಣಂತನಕ್ಕೆ ಹೋಗಬೇಕಿತ್ತು. ಹುಬ್ಬಳ್ಳಿಯ ಆಚೆಗೆ ಒಬ್ಬರೇ ಹೋಗಿ ಗೊತ್ತಿಲ್ಲದ ಅತ್ತೆಗೆ ವಿಮಾನದ ಹೆದರಿಕೆ ಅಷ್ಟಿರಲಿಲ್ಲ, ಆಸ್ಪತ್ರೆಯದೇ ಹೆದರಿಕೆ. "ಅಲ್ಲಿ ಬಾಣಂತಿಗೆ ಐಸು ಹಾಕಿದ ನೀರು ಕೊಡ್ತಾರಂತೆ ಮಾರಾಯ್ತಿ. ಬಿಸಿನೀರು ಕೊಡಿ ಅಂತ ನಾನು ಯಾವ ಬಾಯಲ್ಲಿ ಕೇಳಲಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಎರಡು ತಿಂಗಳು ನಾವು ಜಗಲಿಯ ಮೇಲೆ ನರ್ಸಮ್ಮ ಆದೆವು, ಡಾಕ್ಟರು ಆದೆವು. "ಕುಡ್ ಐ ಹ್ಯಾವ್ ಸಮ್ ಹಾಟ್ ವಾಟರ್ ಫಾರ್ ಮೈ ಡಾಟರ್, ಪ್ಲೀಸ್?" ಎಂಬುದನ್ನು ಅತ್ತೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. "ಹಾಡ್ತಾ ಹಾಡ್ತಾ ರಾಗ" ಎಂದು ಸುಮ್ಮನೆ ಹೇಳಿದ್ದಾರೆಯೇ?

ಬಿಸಿನೀರು ಸಿಕ್ಕಿತು. ಆದರೆ ಅದಕ್ಕಿಂತ ದೊಡ್ಡದು ಆಮೇಲಿನದು. ಮನೆಗೆ ಕಳಿಸುವ ದಿನ ಅಳಿಯ ಕಾರು ತರಲು ಹೋಗಿದ್ದರು, ಮಗಳು ದಣಿದು ನಿದ್ದೆ ಹೋಗಿದ್ದಳು. ನರ್ಸು ಬಂದು ಗಡಗಡನೆ ಏನೋ ಹೇಳಿದಳು. ಅತ್ತೆ ತಲೆಯಾಡಿಸಲಿಲ್ಲ. ಶನಿವಾರದ ಪ್ರಶ್ನೆಯನ್ನೇ ತೆಗೆದರು. ನರ್ಸು ನಿಂತು ನಿಧಾನವಾಗಿ ಹೇಳಿದಳು. ಆಮೇಲೆ ಬರೆದುಕೊಡಿ ಎಂದೂ ಕೇಳಿದರು. ಬಾಣಂತಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ತಡಮಾಡದೆ ಫೋನು ಮಾಡಿ ಎಂಬುದು ಆ ಚೀಟಿಯಲ್ಲಿತ್ತು, ಕೆಳಗೆ ನಂಬರು. ಅತ್ತೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಮೂರನೇ ದಿನ ಮಧ್ಯಾಹ್ನ, ಅಳಿಯ ಕೆಲಸಕ್ಕೆ ಹೋದಾಗ, ಮಗಳ ಮೈ ಸುಡತೊಡಗಿತು. ಊರಿನಲ್ಲಾಗಿದ್ದರೆ ಕಷಾಯ ಮಾಡಿಕೊಟ್ಟು ಸಂಜೆಯ ತನಕ ನೋಡೋಣ ಎನ್ನುತ್ತಿದ್ದರೋ ಏನೋ. ಅಲ್ಲಿ ಚೀಟಿ ಕಣ್ಣೆದುರು ಇತ್ತು. ಥರ್ಮಾಮೀಟರು ನೋಡಿ ಫೋನು ಮಾಡಿಸಿದರು, ಆಸ್ಪತ್ರೆಗೆ ಹೋದರು. ಸೋಂಕು ಶುರುವಾಗಿತ್ತಂತೆ, ಬೇಗ ಬಂದದ್ದು ಒಳ್ಳೇದಾಯಿತು ಎಂದರಂತೆ ಡಾಕ್ಟರು. ಈಗ ಮಗಳು, ಕೂಸು ಇಬ್ಬರೂ ಸೌಖ್ಯ. (ಅಂದ ಹಾಗೆ, ಬಾಣಂತಿಯ ಜ್ವರ ನಮ್ಮೂರಿನಲ್ಲೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಕಷಾಯ ಆಮೇಲೆ, ಡಾಕ್ಟರು ಮೊದಲು.)

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಕೇಳಲು ಬಲ್ಲವಳಿಗೆ ಹೆದರಿಕೆಯಿಲ್ಲ ಎಂದು ನಾನು ಸೇರಿಸುತ್ತೇನೆ.

ಅಭ್ಯಾಸಕ್ಕೆ ನಾಲ್ಕು ಕಟ್ಟಳೆ

ಒಂದು, ನಗಬಾರದು. ತಪ್ಪಾದಾಗ ಸರಿಯಾದ ವಾಕ್ಯವನ್ನು ತಿರುಗಿ ಹೇಳಿದರೆ ಸಾಕು, ಟೀಕೆ ಬೇಡ. ಎರಡು, ಮಕ್ಕಳನ್ನು ಮಾಸ್ತರರನ್ನಾಗಿ ಮಾಡಬೇಡಿ, ಅವರಿಗೆ ಸಹನೆ ಕಡಿಮೆ. 2012ರಲ್ಲಿ ಬಂದ 'ಇಂಗ್ಲಿಷ್ ವಿಂಗ್ಲಿಷ್' ಸಿನಿಮಾದಲ್ಲಿ ಲಾಡು ಮಾಡುವ ಗೃಹಿಣಿ ಶ್ರೀದೇವಿ ಮಗಳ ನಗೆಗೆ ಹೇಗೆ ಕುಗ್ಗುತ್ತಾಳೆ, ತನ್ನಂತೆಯೇ ತೊದಲುವವರ ಜೊತೆ ಹೇಗೆ ಅರಳುತ್ತಾಳೆ ನೋಡಿದ್ದೀರಲ್ಲ? ಮೂರು, ಫೋನಿನಲ್ಲಿ ಪಾಠಗಳು ಬೇಕಾದಷ್ಟು ಇವೆ, ಉಚ್ಚಾರ ಕೇಳಲು ಉಪಯೋಗಿಸಿ. ಆದರೆ ಫೋನು ನಿಮ್ಮ ಮುಖ ನೋಡಿ ಉತ್ತರ ಕೊಡುವುದಿಲ್ಲ, ಮೊಸರನ್ನಂತೂ ಕೊಡುವುದೇ ಇಲ್ಲ. ನಾಲ್ಕು, ಕರೆಯುವ ಸಂಬಂಧ ಬಿಡಬೇಡಿ. "ಅಕ್ಕಾ, ಕುಡ್ ಯು..." ಎಂದೇ ಶುರುಮಾಡಿ. ಅಕ್ಕನನ್ನು ಮಿಸೆಸ್ ಮಾಡುವ ಅಗತ್ಯವಿಲ್ಲ.

ಕನ್ನಡ ಕೆಡುವುದಿಲ್ಲವೇ?

ಕೆಲವರು ಹೀಗೆ ಕೇಳುತ್ತಾರೆ. ನಮ್ಮ ಜಿಲ್ಲೆ 1862ರಿಂದ 1956ರ ತನಕ ಮುಂಬಯಿಯ ಆಡಳಿತದಲ್ಲಿತ್ತು. ಮರಾಠಿಯಿಂದ ಬಂದ "ಇಯತ್ತೆ" ಇವತ್ತಿಗೂ ನಮ್ಮ ಬಾಯಲ್ಲಿದೆ. ಕನ್ನಡ ಕೆಟ್ಟಿತೇ? ಇಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ ಕನ್ನಡ ಕಲಿತು 1894ರಲ್ಲಿ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ಅವರ ಜರ್ಮನ್ ಏನೂ ಕೆಡಲಿಲ್ಲ. ಇನ್ನೊಂದು ಮನೆಯ ಅಡಿಗೆ ಕಲಿತವಳು ತಂಬಳಿ ಮಾಡುವುದನ್ನು ಮರೆಯುವುದಿಲ್ಲ.

ಇದೇ ಕ್ರಮ ತಿರುಗಿಸಿಯೂ ಉಪಯೋಗಕ್ಕೆ ಬರುತ್ತದೆ. ಈಗ ನಮ್ಮ ಹಳ್ಳಿಗಳಲ್ಲಿ ಹೊರರಾಜ್ಯದಿಂದ ಸೊಸೆ ಬಂದ ಮನೆಗಳೂ ಇವೆ. ಆ ಹುಡುಗಿಗೆ ವ್ಯಾಕರಣ ಹೇಳಬೇಡಿ. ನಿತ್ಯ ಒಂದು ಪ್ರಶ್ನೆ ಕಲಿಸಿ, ನೆರೆಮನೆಗೆ ಕಳಿಸಿ. "ಅಕ್ಕಾ, ಚೂರು ಕರಿಬೇವು ಕೊಡ್ತೀರಾ?" ಎಂದು ಅವಳು ತಾನಾಗಿ ಕೇಳಿದ ದಿನ ಅವಳು ನಮ್ಮೂರಿನವಳಾದಂತೆ. ರಜೆಗೆ ಬರುವ ಮೊಮ್ಮಕ್ಕಳಿಗೂ ಹೀಗೇ. ನೀವು ಅವರಿಗೆ ಒಂದು ಇಂಗ್ಲಿಷ್ ಪ್ರಶ್ನೆ ಕೇಳಿ, ಅವರಿಂದ ಒಂದು ಕನ್ನಡ ಪ್ರಶ್ನೆ ಕೇಳಿಸಿಕೊಳ್ಳಿ. ಲೆಕ್ಕ ಸರಿಹೋಯಿತು.

ಇಷ್ಟು ಓದಿದ ಮೇಲೆ ಪತ್ರಿಕೆ ಮಡಚಿಡುವ ಮುಂಚೆ ಒಂದು ಕೆಲಸ ಮಾಡಿ. ನಾಳೆ ನಿಮ್ಮ ಮನೆಗೆ ನೆರೆಮನೆಯಿಂದ ಏನು ಬೇಕಾಗಬಹುದು ಎಂದು ನೆನಪಿಸಿಕೊಳ್ಳಿ, ಅದರ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಬಟ್ಟಲು ಹಿಡಿದು ಹೊರಡಿ. ಬಾಯಿ ತೊದಲಿದರೆ ತೊದಲಲಿ. ಮೊಸರಂತೂ ಸಿಕ್ಕೇ ಸಿಗುತ್ತದೆ.